ಎರಡನೇ ಸಲ ಚುಚ್ಚಿದ ಸೂಜಿ

ಮಂಗಳವಾರ, ಮಾರ್ಚ್ ೧೧

ಮೈಯೆಲ್ಲ ಇನ್ನೂ ಉರಿಯುತ್ತಿದೆ. ಇವತ್ತು ಆಸ್ಪತ್ರೆಯ ಲ್ಯಾಬಿನಲ್ಲಿ ನಾಲ್ಕು ವರ್ಷದ ಮಗುವಿಗೆ ಎರಡನೇ ಸಲ ಸೂಜಿ ಚುಚ್ಚಿದರು. ತಪ್ಪು ನಮ್ಮ ಕಂಪ್ಯೂಟರ್ ವಿಭಾಗದ್ದು.

ನಮ್ಮ ವಿಭಾಗದ ಹಿರಿಯರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ರಕ್ತದ ಟ್ಯೂಬಿಗೆ ಅಂಟಿಸುವ ಲೇಬಲ್ ಮೇಲೆ ರೋಗಿಯ ನಂಬರ್ ಬರಲೆಂದು ಅವರು ಹೋದ ವರ್ಷ ಕಂಪ್ಯೂಟರ್ ನಡೆಸುವ ಲಿನಕ್ಸ್ ಸಿಸ್ಟಮ್ಮಿನ ಪ್ರಿಂಟ್ ಕಮಾಂಡನ್ನೇ ತಿದ್ದಿದ್ದರು. ಅದು ಸಿಸ್ಟಮ್ಮಿನ ಸ್ವಂತ ಫೈಲು. ಅಪ್‌ಡೇಟ್ ಬಂದ ದಿನ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ. ಆಗಲೇ ಹೇಳಿದ್ದೆ.

"ಸರ್, ಅದನ್ನ ಮುಟ್ಟೋದು ಬೇಡ. ಬೇರೆ ಹೆಸರಲ್ಲಿ ನಮ್ದೇ ಒಂದು ಕಮಾಂಡ್ ಬರೆದು ಲೋಕಲ್ ಫೋಲ್ಡರಲ್ಲಿ ಇಡೋಣ. ಅಪ್‌ಡೇಟ್ ಅಲ್ಲಿಗೆ ಕೈ ಹಾಕಲ್ಲ."

"ನಡೀತಿದೆಯಲ್ಲಮ್ಮ, ಸುಮ್ನೆ ಯಾಕೆ ತಲೆ ತಿಂತೀಯ?"

ನಿನ್ನೆ ಸಂಜೆ ಅಪ್‌ಡೇಟ್ ಆಯಿತು. ಬೆಳಿಗ್ಗೆ ಲೇಬಲ್‌ಗಳು ನಂಬರಿಲ್ಲದೆ ಬಂದವು. ಯಾರ ರಕ್ತವೆಂದು ತಿಳಿಯದೆ ಹನ್ನೆರಡು ಟ್ಯೂಬು ಎಸೆಯಬೇಕಾಯಿತು. ಆ ಮಗು ಅಮ್ಮನ ಹೆಗಲಿಗೆ ಮುಖ ಒತ್ತಿಕೊಂಡು, "ಆಗ್ಲೇ ಕೊಟ್ನಲ್ಲ" ಅಂದಿತು.

ಮೇಷ್ಟ್ರು ಮಾತ್ರ ಮುಖ್ಯ ವೈದ್ಯರ ಮುಂದೆ ನನ್ನತ್ತ ಕೈ ತೋರಿಸಿ ತಣ್ಣಗೆ, "ಅಪ್‌ಡೇಟ್ ಮಾಡಿದ್ದು ಇವ್ರು, ಡಾಕ್ಟ್ರೇ" ಅಂದರು.

ಬೇರೆ ಕಮಾಂಡ್ ಬರೆದು ಲೋಕಲ್ ಫೋಲ್ಡರಿನಲ್ಲಿಟ್ಟೆ. ಅರ್ಧ ಗಂಟೆಯ ಕೆಲಸ. ಅದಕ್ಕೆ ಒಂದು ವರ್ಷ ಬಿಡಲಿಲ್ಲ ಆ ಮನುಷ್ಯ.

ಆದರೆ ಅಪ್‌ಡೇಟ್ ಮಾಡಿದ್ದು ನಾನೇ, ಅದು ನಿಜ. ಬಟನ್ ಒತ್ತುವಾಗ ಅವರ ತಿದ್ದುಪಡಿ ನನಗೆ ಚೆನ್ನಾಗಿ ನೆನಪಿತ್ತು. ಒಂದು ಸಲ ಕೆಡಲಿ, ನಾಲ್ಕು ಜನರೆದುರು ಅವರ ಮುಖಕ್ಕೆ ಮಂಗಳಾರತಿ ಆಗಲಿ ಅಂದುಕೊಂಡಿದ್ದೆ. ಸೂಜಿ ಯಾರಿಗೆ ಚುಚ್ಚುತ್ತದೆ ಅನ್ನುವುದನ್ನು ಮಾತ್ರ ಯೋಚಿಸಿರಲಿಲ್ಲ.