ಹೊಸ ರೆಕ್ಕೆಗೆ ಗುರುತು ಹಾಕಿಲ್ಲ

ದಶರಥಣ್ಣಾ,

ನಾನು ದಂಡೋತಿಗೆ ದೊಡ್ಡವ್ವನ ಮನೆಗೆ ಹೋಗಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿವೆ. ಪುಂಡಿಪಲ್ಯ ನೀನೇ ಬಿಸಿ ಮಾಡಿಕೊ.

ನಿನ್ನ ಥರ್ಮಾಕೋಲ್ ಜೆಟ್ ವಿಮಾನಕ್ಕೆ ಹೊಸ ರೆಕ್ಕೆ ಕತ್ತರಿಸಿ ಅಲಮಾರದ ಮೇಲೆ ಇಟ್ಟಿದ್ದೇನೆ. ನಿನ್ನ ಮೇಲಿನ ಪ್ರೀತಿಗಲ್ಲ, ನಾಳೆ ನೀನು ಅದನ್ನು ಹಾರಿಸುವುದನ್ನು ನೋಡಲು ಕಾಲೇಜಿನ ಮೈದಾನಕ್ಕೆ ಅವ್ವನೂ ಬರುತ್ತಾಳೆ ಅಂತ. ಫೆವಿಕಾಲ್ ಹಚ್ಚಿ ಪೇಪರ್ ಅಂಟಿಸಿದ್ದೇನೆ, ಸಂಜೆಯವರೆಗೆ ಮುಟ್ಟಬೇಡ. ಬಣ್ಣ ಬ್ರಷ್ಷಿನಿಂದ ಹಚ್ಚು. ಗಾಡಿಗೆ ಹೊಡೆಯುವ ಆ ಸ್ಪ್ರೇ ಡಬ್ಬಿ ಮತ್ತೆ ತಂದರೆ ಥರ್ಮಾಕೋಲ್ ಮತ್ತೆ ಕರಗುತ್ತದೆ.

ಹೌದು, ನಾನು ನೋಡಿದ್ದೇನೆ. ಮೊನ್ನೆ ಕಿಟಕಿಯ ಹತ್ತಿರ ಜೋಳ ಹಸನು ಮಾಡುತ್ತ ಕುಳಿತಿದ್ದೆ. ನೀನು ಸ್ಪ್ರೇ ಹೊಡೆದೆ, ರೆಕ್ಕೆ ಹುಳ ತಿಂದ ಹಾಗೆ ತೂತುಬಿತ್ತು. ಅಪ್ಪನ ಮುಂದೆ ಏನಂದೆ? "ಸುಮಿ ಬಿಸಲಾಗ ಫರಸಿ ಕಲ್ಲಿನ ಮ್ಯಾಲ ಇಟ್ಟು ಸುಟ್ಟಾಳ. ಸಾಲಿ ಬಿಟ್ಟಾಕಿಗಿ ಇದೆಲ್ಲ ಏನ್ ತಿಳೀತದ?" ಅಪ್ಪ ಬೈದ. ನಾನು ಬಾಯಿ ಬಿಡಲಿಲ್ಲ. ಅದನ್ನು ತಪ್ಪು ಒಪ್ಪಿಕೊಂಡೆ ಅಂತ ತಿಳಿಯಬೇಡ.

ಜೆಟ್ಟು ಎರಡು ಬೆರಳ ಮೇಲೆ ಎಲ್ಲಿ ಸಮ ನಿಲ್ಲಬೇಕು ಎಂಬ ಗುರುತು ಹಳೆಯ ರೆಕ್ಕೆಯ ಜೊತೆಗೇ ಕರಗಿತು. ಹೊಲದಲ್ಲಿ ಎಸೆದು ಎಸೆದು ಅದನ್ನು ಕಂಡುಹಿಡಿದವಳು ನಾನು. ಹೊಸ ರೆಕ್ಕೆಗೆ ಬೇಕೆಂದೇ ಗುರುತು ಹಾಕಿಲ್ಲ. ತೂಕ ಆ ಜಾಗದಲ್ಲಿ ಸಮ ಕೂಡದಿದ್ದರೆ ಹಾರಿಸಿದ ಕೂಡಲೇ ಮೂತಿ ನೆಲಕ್ಕೆ ಬಡಿಯುತ್ತದೆ, ಎಲ್ಲರ ಮುಂದೆ.

ಕಲಿತವನು ನೀನು, ಹುಡುಕಿಕೊ. ಆಗದಿದ್ದರೆ ಅಪ್ಪನಿಗೆ ನಿಜ ಹೇಳಿ, ಅವನಿಂದಲೇ ಫೋನ್ ಮಾಡಿಸು. ಅಪ್ಪ ಕೇಳಿದರೆ ಆ ಜಾಗ ಹೇಳುತ್ತೇನೆ. ನೀನು ಕೇಳಿದರೆ ಇಲ್ಲ.

ಸುಮಂಗಲಾ