ಕೊನೆಯ ಸ್ಥಾನದ ಸರದಿ

ಮಾರ್ಚ್ 3, ಸೋಮವಾರ

ಮತ್ತೆ ಮೌಲ್ಯಮಾಪನದ ಫಾರ್ಮ್. ಮೂರು ತಿಂಗಳಿಗೊಮ್ಮೆ ಈ ಪೀಡೆ. ನಾನು ನೋಡಿಕೊಳ್ಳುವ ಪ್ರೂಫ್ ವಿಭಾಗದಲ್ಲಿ ಇರುವವರೇ ಐದು ಜನ. ಅವರಲ್ಲೂ ಒಂದನೆಯವರು, ಎರಡನೆಯವರು... ಒಬ್ಬರು ಕೊನೆಗೆ ಬರಲೇಬೇಕಂತೆ. ಸ್ಪರ್ಧೆ ಇದ್ದರೆ ಮನುಷ್ಯ ಚುರುಕಾಗುತ್ತಾನೆ — ಸಿದ್ಧಾಂತ. ನಾವೇ ತಿದ್ದಿ ಅಚ್ಚಿಗೆ ಕೊಟ್ಟ ಮ್ಯಾನೇಜ್‌ಮೆಂಟ್ ಪುಸ್ತಕದ್ದು! ಅದರ ಕಾಗುಣಿತ ತಿದ್ದಿದೆವು, ತಲೆ ತಿದ್ದಲಾಗಲಿಲ್ಲ.

ನಮ್ಮ ಸಿದ್ಧಾಂತವೇ ಬೇರೆ. ಕೊನೆಯ ಸ್ಥಾನಕ್ಕೆ ಸರದಿ. ಎರಡು ವರ್ಷದಿಂದ ಹೀಗೇ. ಮೇಲಿನವರಿಗೆ ಗೊತ್ತಿಲ್ಲ.

ಮಾರ್ಚ್ 5

ಈ ಸಲದ ಸರದಿ, ಹೆರಿಗೆ ರಜೆ ಮುಗಿಸಿ ಬಂದ ಹುಡುಗಿಯದು. ಫಾರ್ಮ್ ನೋಡಿ ಕಣ್ಣು ತುಂಬಿಕೊಂಡಳು. ಪಕ್ಕದ ಮೇಜಿನಿಂದ ಅಕ್ಕ ಎದ್ದು ಬಂದರು. ಹದಿಮೂರು ವರ್ಷದ ಹಿಂದೆ ನನಗೆ ಈ ಕೆಲಸ ಕಲಿಸಿದವರು. ಅವರ ಕಣ್ಣು ತಪ್ಪಿಸಿ ಒಂದು ಚುಕ್ಕಿಯೂ ಅಚ್ಚಾಗದು.

“ಅವಳದು ಬಿಡು ತಮ್ಮ. ನನ್ನ ಹೆಸರೇ ಹಾಕು.”

“ಹೋದ ಸಲಾನೂ ನಿಮ್ಮದೇ ಇತ್ತಲ್ಲಕ್ಕ.”

“ಇದ್ರೆ ಏನಾಯ್ತೀಗ? ತಲೆ ಮೇಲೆ ಕೊಂಬು ಬಂತಾ? ಎಳೆಗೂಸಿನ ತಾಯಿ, ಪಾಪ.”

ಹಾಕಿದೆ. ಷರಾ: ‘ವೇಗ ಸಾಲದು, ತಪ್ಪುಗಳು ಹೆಚ್ಚು’. ಬಿಟ್ಟುಹೋಗಿದ್ದ ಪೂರ್ಣವಿರಾಮವನ್ನು ಅಕ್ಕನೇ ನಗುತ್ತಾ ಇಟ್ಟರು.

ಮಾರ್ಚ್ 7

ಅಕ್ಕ ತಿದ್ದುತ್ತಿರುವ ಕಾದಂಬರಿಯಲ್ಲಿ ಅಮಾಯಕನೊಬ್ಬನನ್ನು ಊರೆಲ್ಲ ಸೇರಿ ಕಳ್ಳ ಎನ್ನುತ್ತದೆ. ನಿಜ ಗೊತ್ತಿರುವ ಗೆಳೆಯ ಕೊನೆಯವರೆಗೂ ಬಾಯಿ ಬಿಡುವುದಿಲ್ಲ.

“ಇಂಥವನನ್ನ ಕಂಡ್ರೆ ಮೈ ಉರಿಯುತ್ತೆ ನಂಗೆ,” ಅಂದರು ಊಟದ ಹೊತ್ತಿಗೆ. ನಾನೂ ಸೇರಿಕೊಂಡು ಅವನನ್ನು ಚೆನ್ನಾಗಿ ಬೈದೆ.

ಮಾರ್ಚ್ 24, ಬೆಳಿಗ್ಗೆ 11

ಸುತ್ತೋಲೆ. ಸತತ ಎರಡು ಸಲ ಕೊನೆಗೆ ಬಂದವರನ್ನು ಕೆಲಸದಿಂದ ತೆಗೆಯುತ್ತಾರಂತೆ. ಮೂರು ಸಲ ಓದಿದೆ. ಸರದಿ ತಪ್ಪಿಸದೇ ಇದ್ದಿದ್ದರೆ ಯಾರಿಗೂ ಸತತ ಎರಡು ಸಲ ಬರುತ್ತಲೇ ಇರಲಿಲ್ಲ. ಅಯ್ಯೋ ದೇವರೇ... ಅಕ್ಕನ ನಿವೃತ್ತಿಗೆ ಇನ್ನು ಹದಿನಾಲ್ಕೇ ತಿಂಗಳು.

ಮಾರ್ಚ್ 25

ಮ್ಯಾನೇಜರ್ ಹತ್ತಿರ ಹೋದೆ. “ಸರ್, ನಮ್ಮಲ್ಲಿ ಅವರಷ್ಟು ಚೆನ್ನಾಗಿ ಕೆಲಸ ಮಾಡೋರು ಯಾರೂ ಇಲ್ಲ.”

“ಹಾಗಾದ್ರೆ ನೀವು ಬರೆದಿದ್ದು ಸುಳ್ಳಾ? ಸುಳ್ಳು ಅಂತ ಬರೆದುಕೊಡಿ. ನಿಮ್ಮ ವಿಭಾಗದವರ ಹಳೇ ಫಾರ್ಮ್ ಎಲ್ಲಾ ತೆಗೆಸ್ತೀನಿ. ಎಷ್ಟು ಜನ ಉಳೀತೀರೋ ನೋಡೋಣ.”

ಬಾಣಂತಿಯ ಮುಖ, ನನ್ನ ಮಕ್ಕಳ ಮುಖ... ಎದ್ದು ಬಂದೆ. ಹೇಡಿ ನಾನು.

ಮಾರ್ಚ್ 28

ಅಕ್ಕನಿಗೆ ಎಲ್ಲ ಹೇಳಿದೆ.

“ಬಾಯಿ ಬಿಟ್ಟೀಯ, ಜೋಕೆ! ಎಲ್ಲರ ಕೆಲಸಕ್ಕೂ ಕುತ್ತು,” ಎಂದು ಹಾಳೆಗೆ ಬಗ್ಗಿದರು. ಕೆಂಪು ಪೆನ್ನಿನಿಂದ ಒಂದು ಅಲ್ಪವಿರಾಮ ಹಾಕಿದರು.

“ಕಾದಂಬರೀಲಿ ಆ ಗೆಳೆಯ...” ಎಂದೆ.

“ಅವನಿಗೂ ಮನೇಲಿ ಮಕ್ಕಳಿದ್ರೇನೋ. ಬರೆದವರು ಹೇಳಿಲ್ಲ.”

ಮಾರ್ಚ್ 31, ಸಂಜೆ 7

ಅಕ್ಕನನ್ನು ಕೆಲಸದಿಂದ ತೆಗೆಯುವ ಪತ್ರಕ್ಕೆ ನನ್ನದೇ ಸಹಿ ಬೇಕಿತ್ತು. ಅಭ್ಯಾಸಬಲ, ಅಕ್ಕ ಅದನ್ನೂ ಸಾಲುಸಾಲಾಗಿ ಓದಿ ನೋಡಿದರು. “ಸಹಿ ಹಾಕು ತಮ್ಮ, ಬಸ್ಸು ತಪ್ಪುತ್ತೆ.” ಹಾಕಿದೆ. ಕೆಂಪು ಪೆನ್ನನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಫಾರ್ಮಿನಲ್ಲಿ ಬರೆಯಲಾಗದ್ದನ್ನು ಇಲ್ಲಾದರೂ ಬರೆದಿಡುತ್ತೇನೆ. ನಮ್ಮ ವಿಭಾಗದಲ್ಲಿ ಮೊದಲನೆಯ ಸ್ಥಾನ ಅಕ್ಕನದು