ಪ್ರಲ್ಹಾದನ ಸಹಿ

ಶ್ರೀಕುಂಜ (ಹಿಂದಿನ ಮನೆ),
ಪ್ರಭಾತ ರಸ್ತೆ, ಪುಣೆ
ಸೋಮವಾರ, ೨೭ ಜನವರಿ ೨೦೨೫, ಮಧ್ಯಾಹ್ನ

ಪ್ರೀತಿಯ ರೇಣಕ್ಕನಿಗೆ ತಂಗಿ ವರದಾಳ ನಮಸ್ಕಾರಗಳು.

ನಾವು ಕ್ಷೇಮ ಎಂದು ಬರೆಯಲಾರೆ. ಕಾಗದ ಕಂಡು ಗಾಬರಿಯಾಗಬೇಡ ಎಂದೂ ಬರೆಯಲಾರೆ. ಗಾಬರಿಯಾಗು ಅಕ್ಕಾ, ಗಾಬರಿಯಾಗಿ ಬೇಗ ಹೊರಡು. ವಿಜಯಪುರದಿಂದ ಬೆಳಗಿನ ಬಸ್ಸು ಹಿಡಿದು ಸೊಲ್ಲಾಪುರಕ್ಕೆ ಬಂದರೆ ಅಲ್ಲಿಂದ ಪುಣೆಗೆ ಬೇಕಾದಷ್ಟು ರೈಲುಗಳಿವೆ. ಫೆಬ್ರುವರಿ ನಾಲ್ಕಕ್ಕೆ, ರಥಸಪ್ತಮಿಯ ದಿನ ಹನ್ನೊಂದು ಗಂಟೆಯೊಳಗೆ ನೀನು ಇಲ್ಲಿರಬೇಕು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀ. ಇರುವುದು ಎರಡು ಕೋಣೆ. ಅಂಗಳಕ್ಕೆ ಹೋಗಿ ಪಿಸುಗುಟ್ಟಿದರೂ ನಮ್ಮ ತಮ್ಮನಿಗೆ ಕೇಳಿಸುತ್ತದೆ. ಒಂಬತ್ತನೆಯ ವರ್ಷಕ್ಕೆ ಕಣ್ಣು ಹೋದಂದಿನಿಂದ ಪ್ರಲ್ಹಾದ ಕಿವಿಯಿಂದಲೇ ಲೋಕ ನೋಡಿದವನು. ಮೆಸೇಜು ಹಾಕಿದರೆ ನಿನ್ನ ಮೊಮ್ಮಗಳು ಮೊದಲು ಓದಿ, ಮನೆಗೆಲ್ಲ ಸಾರಿ, ಆಮೇಲೆ ನಿನಗೆ ತೋರಿಸುತ್ತಾಳೆ. ಅದಕ್ಕೇ ಈ ಕಾಗದ. ಆದರೆ ನಾಲ್ಕು ಸಾಲು ಬರೆಯುವಷ್ಟರಲ್ಲಿ, ಎದುರಿಗೆ ಯಾರದೋ ಹಾರ್ಮೋನಿಯಂ ಬಿಚ್ಚಿಕೊಂಡು ಕೂತವನು ತಲೆಯೆತ್ತಿ, "ಏನ ಬರೀಲಿಕ್ಕತ್ತೀ ವರದಕ್ಕಾ, ಭಾಳ ಉದ್ದ ಅದಲ್ಲ" ಅಂದ. ಪೆನ್ನಿನ ಸದ್ದು ಕೇಳುತ್ತದಂತೆ! ರೇಣಕ್ಕ ಮೆಂತ್ಯದ ಹಿಟ್ಟಿನ ಅಳತೆ ಕೇಳ್ಯಾಳ ಎಂದೆ. ನಾಲ್ಕು ಮೊಮ್ಮಕ್ಕಳ ಅಜ್ಜಿಗೆ ಈಗ ಅಳತೆ ಬೇಕಾತೇನು ಎಂದು ನಕ್ಕು, ಮತ್ತೆ ಕೆಲಸಕ್ಕೆ ಬಗ್ಗಿದ. ಹೀಗೆ ನಿನ್ನ ಹೆಸರಿನಲ್ಲಿ ಒಂದು ಸುಳ್ಳು ಹೇಳಿಯಾಯಿತು.

ವಿಷಯ ಇಷ್ಟು. ಶ್ರೀಕುಂಜವನ್ನು ಕೆಡವುತ್ತಾರೆ. ಮುಂದಿನ ಬಂಗಲೆ, ಕಲ್ಲಿನ ಕಮಾನು, ಬಕುಳದ ಗಿಡ, ಹಿಂದೆ ನಮ್ಮ ಎರಡು ಕೋಣೆ, ಯಾವುದೂ ಉಳಿಯುವುದಿಲ್ಲ. ಮಾಲೀಕರ ಮೊಮ್ಮಗ ಅವಧೂತ ಬಿಲ್ಡರನ ಜೊತೆ ಮಾತು ಮುಗಿಸಿದ್ದಾನೆ. ಒಳ್ಳೆಯ ಹುಡುಗನೇ. ಅವನ ತಪ್ಪೂ ಅಲ್ಲ, ಈ ಗಲ್ಲಿಯಲ್ಲಿ ಹಳೆಯ ಬಂಗಲೆ ಅಂತ ಉಳಿದಿರುವುದು ಮೂರೋ ನಾಲ್ಕೋ.

ನನ್ನ ತವರಿನವರು ಪ್ರಭಾತ ರಸ್ತೆಯ ಬಂಗಲೆಯಲ್ಲಿ ಇರುತ್ತಾರೆ ಎಂದು ನಿನ್ನ ಬೀಗರ ಮುಂದೆ ನೀನು ಹೇಳಿಕೊಂಡದ್ದು ನನಗೆ ಗೊತ್ತು. ಹಿಂದೆ ಮೋಟಾರು ನಿಲ್ಲಿಸುತ್ತಿದ್ದ ಕೋಣೆಗಳಲ್ಲಿ ಎಂಬುದನ್ನು ನೀನು ಹೇಳಲಿಲ್ಲ, ನಾನೂ ಕೆದಕಲಿಲ್ಲ. ಅಪ್ಪ ಗುಮಾಸ್ತಗಿರಿಗೆಂದು ಬಂದು ಬಾಡಿಗೆಗೆ ಹಿಡಿದ ಆ ಕೋಣೆಗಳಲ್ಲೇ ನಾವು ಈ ಊರಿನ ಶ್ರೀಮಂತರ ಗಾಳಿ ಕುಡಿದು ಬೆಳೆದೆವು. ಈಗ ಭಾನುವಾರ ಬೆಳಿಗ್ಗೆ ಹಳೆಯ ಪುಣೆ ನೋಡಲು ಹುಡುಗ ಹುಡುಗಿಯರ ಗುಂಪು ಬರುತ್ತದೆ. ಕಮಾನಿನ ಚಿತ್ರ ತೆಗೆದು ಹಾಗೇ ಹಿಂದಕ್ಕೂ ಇಣುಕುತ್ತಾರೆ. ಹೋದ ತಿಂಗಳು ಒಬ್ಬಳು, ಸಂಡಿಗೆ ಒಣಹಾಕುತ್ತಿದ್ದ ನನ್ನನ್ನು ಅಲುಗಾಡದೆ ನಿಲ್ಲಿ ಅಂದಳು. ನಾನೂ ಹಳೆಯ ಪುಣೆಯಲ್ಲಿ ಸೇರಿದ್ದೇನೆ ಅಂತ ಕಾಣುತ್ತದೆ.

ನನ್ನ ಮಾತು ಬಿಡು, ನಾನು ಎಲ್ಲಿಯಾದರೂ ಬದುಕಿಕೊಳ್ಳುತ್ತೇನೆ. ಪ್ರಲ್ಹಾದ ಬದುಕುವುದಿಲ್ಲ. ನೀನು ಮದುವೆಯಾಗಿ ಹೋದಮೇಲೆ ಅವನು ಇಲ್ಲಿ ಹೇಗೆ ಓಡಾಡುತ್ತಾನೆ ಎಂಬುದನ್ನು ಸರಿಯಾಗಿ ನೋಡೇ ಇಲ್ಲ. ಬೆಳಿಗ್ಗೆ ಒಬ್ಬನೇ ಗೇಟು ದಾಟಿ, ಗೋಡೆ ಸವರುತ್ತ ಮೂಲೆಯ ಅಂಗಡಿಗೆ ಹೋಗಿ ಚಹಾ ಕುಡಿಯುತ್ತಾನೆ. ಎದುರು ಮನೆಯ ನಾಯಿ ಅವನಿಗೆ ಬೊಗಳುವುದಿಲ್ಲ. ಹಾರ್ಮೋನಿಯಂ ರಿಪೇರಿಗೆ ತರುವವರು ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಸಂಜೆ ಕಮಲಾ ನೆಹರೂ ಪಾರ್ಕಿನ ತನಕ ಹೋಗಿ, ಮುದುಕರ ಜೊತೆ ರಾಜಕಾರಣ ಜಗಳಾಡಿ, ಗೆದ್ದು ಬರುತ್ತಾನೆ. ಈ ಗಲ್ಲಿಯಲ್ಲಿ ಅವನು ಕುರುಡನಲ್ಲ ಅಕ್ಕಾ.

ಮೂರು ವರ್ಷದ ಹಿಂದೆ ನಮ್ಮ ಹೆಂಚು ತೆಗೆದು ಹೊದಿಸುವಾಗ ಖಡಕಿಯಲ್ಲಿ ಬಾಬುವಿನ ಮನೆಗೆ ಹೋಗಿದ್ದೆವು. ಅಪ್ಪನ ಗೆಳೆಯರ ಮಗ, ಪ್ರೀತಿಯಿಂದ ಇಟ್ಟುಕೊಂಡ, ಏನೂ ಕೊರತೆ ಮಾಡಲಿಲ್ಲ. ಎಂಟು ದಿನ ಪ್ರಲ್ಹಾದ ಮಂಚ ಬಿಟ್ಟು ಇಳಿಯಲಿಲ್ಲ. ಬಚ್ಚಲಿಗೆ ಹೋಗಬೇಕಾದರೂ ನನ್ನ ಸೆರಗು ಹಿಡಿದ. ಐದನೆಯ ದಿನ ಮಾತು ನಿಲ್ಲಿಸಿದ. ವಾಪಸು ಬಂದು ಈ ಗೇಟಿನ ಕೊಂಡಿಗೆ ಕೈ ತಗುಲಿದಾಗ ಅವನು ಅತ್ತದ್ದನ್ನು ನಾನು ನಿನಗೆ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಈಗ ಕೊಡುತ್ತೇವೆ ಎನ್ನುವ ಮನೆ ಊರಾಚೆ ದೂರ, ರಾಂಜಣಗಾಂವದ ದಾರಿಯಲ್ಲಿದೆ, ಹದಿನಾಲ್ಕನೆಯ ಮಹಡಿ.

ಇನ್ನು ನನ್ನ ತಪ್ಪು. ಕೂತು ಓದು.

ಸಂಕ್ರಾಂತಿಯ ನಂತರದ ಶುಕ್ರವಾರ ಅವಧೂತನ ಹೆಂಡತಿ ಮೃಣಾಲ ತಾನೇ ಹಿಂದಕ್ಕೆ ನಡೆದು ಬಂದು, ಹಳದಿ-ಕುಂಕುಮಕ್ಕೆ ಬರಬೇಕು ವರದಾಮಾವಶಿ ಎಂದು ಕರೆದಳು. ನಾನು ಅವಳ ಮುಖವನ್ನೇ ನೋಡಿದೆ. ನನ್ನನ್ನು? ನಮ್ಮ ಯಜಮಾನರು ತೀರಿಕೊಂಡು, ನಾನು ಈ ಮನೆಗೆ ವಾಪಸು ಬಂದು ಮೂವತ್ತೆರಡು ವರ್ಷವಾಯಿತು. ಅಂದಿನಿಂದ ಅಂಥ ಕರೆ ಯಾವ ಮನೆಯಿಂದಲೂ ಬಂದಿಲ್ಲ. ನಿನ್ನ ಮಗಳ ಮದುವೆಯಲ್ಲಿ ಕುಂಕುಮದ ತಟ್ಟೆ ಹಿಡಿದು ಸಾಲಾಗಿ ಬಂದ ನೀನೇ ನನ್ನನ್ನು ದಾಟಿ ಆಚೆಯವಳಿಗೆ ಹೋದೆ. ನಿನ್ನ ಅತ್ತೆ ನೋಡುತ್ತಿದ್ದರು, ನನಗೆ ಅರ್ಥವಾಗುತ್ತದೆ. ಆದರೂ ಆ ತಟ್ಟೆ ನನ್ನ ಮುಂದಿನಿಂದ ಹೋದದ್ದು ನನಗೆ ಇನ್ನೂ ಕಾಣುತ್ತದೆ. ನೋವಾಯಿತು ರೇಣಕ್ಕಾ. ಅಂದೇ ಹೇಳಬೇಕಿತ್ತು.

ಮೃಣಾಲ ದಾಟಲಿಲ್ಲ. ಅಷ್ಟು ಜನ ಹೆಂಗಸರ ಎದುರಿಗೆ ನನ್ನ ಹಣೆಗೆ ಕುಂಕುಮವಿಟ್ಟಳು. ಎಳ್ಳು ಬೆಲ್ಲ ಕೊಟ್ಟಳು. ಆಮೇಲೆ ಉಡಿ ತುಂಬಿದಳು. ಅಕ್ಕಿ, ತೆಂಗಿನಕಾಯಿ, ಹಸಿರು ಕುಪ್ಪಸದ ಕಣ! ಸೋಫಾದ ಮೇಲಿದ್ದ ಒಬ್ಬ ಮುದುಕಿ ಮುಖ ತಿರುಗಿಸಿದಳು, ತಿರುಗಿಸಲಿ. ನನ್ನ ಸೆರಗಿನಲ್ಲಿ ಬಿದ್ದ ಆ ಅಕ್ಕಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೆ. ಉಡಿ ತುಂಬಿದವಳ ಮನೆಯಲ್ಲಿ ಒಲ್ಲೆ ಎನ್ನಬಾರದು ಎಂದು ಅಮ್ಮ ಕಲಿಸಿದ್ದು ನಿನಗೂ ನೆನಪಿರಬೇಕು.

ಎಲ್ಲರೂ ಹೋದ ಮೇಲೆ ಮೃಣಾಲ ಮೂರು ಹಾಳೆ ತಂದು ಮೇಜಿನ ಮೇಲಿಟ್ಟಳು. ನೀರಿನ ಪೈಪಿನ ಅರ್ಜಿ ಇರಬೇಕು ಅಂದುಕೊಂಡೆ. ಕನ್ನಡಕ ಮನೆಯಲ್ಲೇ ಬಿಟ್ಟುಬಂದಿದ್ದೆ. ಮರಾಠಿಯ ಸಣ್ಣ ಅಕ್ಷರ, ಒಂದೂ ಕಾಣಲಿಲ್ಲ. ಉಡಿ ಒಂದು ಕೈಯಲ್ಲಿ ಹಿಡಿದೇ ಮೂರು ಕಡೆ ಸಹಿ ಮಾಡಿದೆ. ಮನೆ ಬಿಡಲು ಒಪ್ಪಿಗೆ ಎಂದು ಆಮೇಲೆ ತಿಳಿಯಿತು.

ಮನೆಗೆ ಬಂದಾಗ ಪ್ರಲ್ಹಾದ ಕುಪ್ಪಸದ ಕಣದ ಸರಬರ ಕೇಳಿ ಏನು ತಂದೆ ಎಂದ. ಬಟ್ಟೆ ಎಂದೆ. ಹಣೆಯ ಮೇಲಿನದು ಅವನಿಗೆ ಕಾಣುವುದಿಲ್ಲ. ಆ ಸಂಜೆ ಪೂರ್ತಿ ನಾನು ಅದನ್ನು ಒರೆಸಲಿಲ್ಲ, ಕನ್ನಡಿಯ ಮುಂದೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ನಾಚಿಕೆಯಾಗುತ್ತದೆ.

ಆದರೆ ನನ್ನೊಬ್ಬಳ ಸಹಿಯಿಂದ ಏನೂ ಆಗುವುದಿಲ್ಲ. ಅಪ್ಪನ ನಂತರ ಬಾಡಿಗೆಯ ಹಕ್ಕು ನಮ್ಮಿಬ್ಬರ ಹೆಸರಿನಲ್ಲಿದೆ, ಪ್ರಲ್ಹಾದನೂ ಬರೆದುಕೊಡಬೇಕು. ರಥಸಪ್ತಮಿ ಒಳ್ಳೆಯ ದಿನವೆಂದು ಅವಧೂತ ಅಂದೇ ವಕೀಲರನ್ನು ಕರೆದುಕೊಂಡು ಹಿಂದಿನ ಮನೆಗೆ ಬರುತ್ತಾನಂತೆ.

ಅವನ ಸಹಿ ಹೇಗೆ ಆಗುತ್ತದೆ ಎಂಬುದು ನಿನಗೆ ಗೊತ್ತಿರಲಿ. ಹೆಬ್ಬೆಟ್ಟು ಒತ್ತು ಎಂದರೆ ಅವನಿಗೆ ಸಿಟ್ಟು. ಕಣ್ಣಿದ್ದಾಗ ಕಲಿತ ಅಕ್ಷರದಲ್ಲಿ, ಒಂಬತ್ತು ವರ್ಷದ ಹುಡುಗನ ದಪ್ಪ ದುಂಡು ಅಕ್ಷರದಲ್ಲಿ, ಈಗಲೂ ಕನ್ನಡದಲ್ಲೇ ಹೆಸರು ಬರೆಯುತ್ತಾನೆ. ಬ್ಯಾಂಕಿರಲಿ, ಪಿಂಚಣಿ ಅರ್ಜಿಯಿರಲಿ, ನಾನು ಅವನ ಕೈ ಹಿಡಿದು ಪೆನ್ನಿನ ತುದಿ ಜಾಗಕ್ಕೆ ಊರಿಸಬೇಕು. ನಾನು ಎಲ್ಲಿ ಊರಿಸಿದರೆ ಅಲ್ಲಿ ಬರೆಯುತ್ತಾನೆ. ಇದು ಏನು ಕಾಗದ ಎಂದು ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ಹೋದ ವರ್ಷ ಬ್ಯಾಂಕಿನವಳು ಓದಿ ಹೇಳಲೇ ಎಂದರೆ, "ನಮ್ಮ ಅಕ್ಕ ನೋಡ್ಯಾಳ್ರೀ, ಸಾಕು" ಅಂದ.

ಹಾಗಾದರೆ ಸಹಿ ಮಾಡಬೇಡ ಎಂದು ಹೇಳಿಬಿಡು, ಇಷ್ಟಕ್ಕೇಕೆ ಇಷ್ಟು ದೊಡ್ಡ ಕಾಗದ, ಅನ್ನುತ್ತೀ. ಹೇಳಬೇಕಾದರೆ ನಾನು ಮಾಡಿದ್ದನ್ನೂ ಹೇಳಬೇಕಲ್ಲ? ಹತ್ತು ದಿನದಿಂದ ದಿನಾ ಹೇಳಲು ಹೋಗುತ್ತೇನೆ. ಅವನು ಅನ್ನಕ್ಕೆ ಕೂತಾಗ, ಹಾರ್ಮೋನಿಯಂ ಬಾರಿಸಿ ನೋಡುವಾಗ. ಬಾಯಿ ಬರದೆ ಸಾರು ಬಡಿಸಲೇ ಎಂದು ಕೇಳಿ ಎದ್ದುಬರುತ್ತೇನೆ. ನೀನು ದೊಡ್ಡವಳು, ನಿನ್ನ ಮಾತು ಅವನು ತೆಗೆದುಹಾಕುವುದಿಲ್ಲ. ನೀನು ಬಂದು ಹೇಳು. ವರದಾಗೆ ತಿಳಿಯಲಿಲ್ಲ, ಮೋಸ ಮಾಡಿ ಬರೆಸಿಕೊಂಡರು ಎಂದು ಹೇಳು. ಭಾವನವರ ಗೆಳೆಯ ಬಿಂದುಮಾಧವ ವಕೀಲರಲ್ಲವೇ? ನನ್ನ ಸಹಿ ರದ್ದು ಮಾಡಿಸಲು ಏನು ಬರೆಯಬೇಕೋ ಅವರಿಂದ ಬರೆಸಿಕೊಂಡೇ ಬಾ.

ಮಂಡಿ ನೋವು ಎನ್ನಬೇಡ. ಮೊಮ್ಮಗನ ಪರೀಕ್ಷೆ ಎನ್ನಬೇಡ. ನಾಲ್ಕು ವರ್ಷವಾಯಿತು ನೀನು ಬಂದು. ನಾನು ಇಷ್ಟು ವರ್ಷದಲ್ಲಿ ನಿನ್ನಿಂದ ಏನನ್ನೂ ಕೇಳಿಲ್ಲ, ಅವನನ್ನು ಒಂದು ವಾರ ಇಟ್ಟುಕೋ ಎಂದು ಕೂಡ ಕೇಳಿಲ್ಲ. ಕೇಳಬೇಕಿತ್ತೇನೋ, ಗೊತ್ತಿಲ್ಲ. ಈಗ ಕೇಳುತ್ತಿದ್ದೇನೆ, ಕೈಮುಗಿದು ಕೇಳುತ್ತಿದ್ದೇನೆ, ಬಾ.

ಪ್ರಲ್ಹಾದ ಹಾರ್ಮೋನಿಯಂ ಜೋಡಿಸಿ ಮುಗಿಸಿದ. ಇನ್ನೂ ಅಳತಿ ಮುಗೀಲಿಲ್ಲೇನ ಎಂದು ಕೇಳುತ್ತಿದ್ದಾನೆ. ಇವತ್ತೇ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿನ್ನ ದಾರಿ ಕಾಯುತ್ತಿರುವ,
ವರದಾ

ತಾ. ಕ.: ಪೋಸ್ಟ್ ಆಫೀಸಿನ ಬೆಂಚಿನ ಮೇಲೆ ಕೂತು ಇಷ್ಟನ್ನು ಸೇರಿಸುತ್ತಿದ್ದೇನೆ. ಲಕೋಟೆಗೆ ಅಂಟು ಹಚ್ಚಲು ಹೋದೆ, ಕೈ ಬರಲಿಲ್ಲ.

ಬಿಂದುಮಾಧವರ ಹತ್ತಿರ ಹೋಗಬೇಡ. ಮೃಣಾಲ ಮೋಸ ಮಾಡಿಲ್ಲ. ಕನ್ನಡಕ ನನ್ನ ಕೊರಳಲ್ಲೇ ಇತ್ತು. ಮೂರು ಹಾಳೆಯನ್ನೂ ಓದಿದೆ. ಅವಳು ತಾನೂ ಒಂದೊಂದು ಸಾಲು ಓದಿ ಅರ್ಥ ಹೇಳಿದಳು, ಅವಸರವಿಲ್ಲ ಮಾವಶಿ, ಮನೆಗೆ ಒಯ್ದು ಯೋಚಿಸಿ ಅಂದಳು. ಹದಿನಾಲ್ಕನೆಯ ಮಹಡಿಯ ಮನೆ ಒಂದೇ ಕೋಣೆಯದು, ನನ್ನೊಬ್ಬಳ ಹೆಸರಿಗೆ. ಪ್ರಲ್ಹಾದನಿಗೆ ಅಂಧರ ವಸತಿಗೃಹದಲ್ಲಿ ಜಾಗ. ಅದನ್ನು ಅವರು ಹೇಳಿದ್ದಲ್ಲ, ನಾನೇ ಕೇಳಿ ಬರೆಸಿದ್ದು. ಅವನು ಒಪ್ಪಿದ್ದಾನೆಯೇ ಎಂದು ಮೃಣಾಲ ಎರಡು ಸಲ ಕೇಳಿದಳು. ಎರಡು ಸಲವೂ ಹೌದೆಂದೆ.

ಕುಂಕುಮವಿಟ್ಟ ಹಣೆ ಹೊತ್ತು ಕೂತಿದ್ದೆನಲ್ಲ, ಆಗ ನನಗೂ ಒಂದು ಮನೆ ಬೇಕು ಅನ್ನಿಸಿತು. ಬೆಳಿಗ್ಗೆ ಎದ್ದು ಯಾರ ಬಟ್ಟೆಯನ್ನೂ ತೆಗೆದಿಡದೆ, ಯಾರಿಗೂ ದಾರಿ ಹೇಳದೆ, ಕಿಟಕಿಯ ಹತ್ತಿರ ಸುಮ್ಮನೆ ಕೂತಿರಬೇಕು ಅನ್ನಿಸಿತು. ಈಗಲೂ ಅನ್ನಿಸುತ್ತಿದೆ. ಹೋಗಿಲ್ಲ ಅದು.

ಅವನಿಗೆ ಹೇಳಲು ಬಾಯಿ ಬರುತ್ತಿಲ್ಲ ಎಂದೆನಲ್ಲ, ಸುಳ್ಳು. ಹೇಳಬಾರದು ಎಂದೇ ಹೇಳಿಲ್ಲ. ರಥಸಪ್ತಮಿಯ ದಿನ ವಕೀಲರು ಕಾಗದ ಬಿಚ್ಚುತ್ತಾರೆ, ಅವನು ಕೈ ನನ್ನ ಕಡೆ ಚಾಚುತ್ತಾನೆ. ನೀನು ಇರದಿದ್ದರೆ ನಾನು ಹಿಡಿಯುತ್ತೇನೆ ಅಕ್ಕಾ. ಹಿಡಿದು ಪೆನ್ನು ಊರಿಸುತ್ತೇನೆ.